ಶ್ರಾವಣ ಹಿಡಿದ ನಾಯಿ

ನಮ್ಮ ಮನೆಯ ನಾಯಿಗೂ ಶ್ರಾವಣ ಹಿಡಿಸಬೇಕೆಂಬ ಬುದ್ಧಿ ನನ್ನ ತಮ್ಮ ಹಿಂದೂರಾವನಿಗೆ ಹೊಳೆದದ್ದು ಬಾಯಿತುಂಬ ಮಟನ್ ಇದ್ದಾಗ.

ಅಂದು ಆಷಾಢದ ಅಮಾವಾಸ್ಯೆ. ಕೊಲ್ಹಾಪುರದಲ್ಲಿ ಆ ದಿನ ಬೆಳಕು ಹರಿಯುವ ಮೊದಲೇ ಮಟನ್ ಅಂಗಡಿಯ ಮುಂದೆ ಸಾಲು ಹಚ್ಚುತ್ತಾರೆ. ಮರುದಿನದಿಂದ ತಿಂಗಳು ಪೂರ್ತಿ ಮುಟ್ಟುವಂತಿಲ್ಲವೆಂದು ತಿಂಗಳಿನದನ್ನೆಲ್ಲ ಒಂದೇ ದಿನ ತಿಂದು ಮುಗಿಸುವ ಭಕ್ತರು ನಮ್ಮವರು. ಅವನ ಸೊಸೆ ಪ್ರಾಜಕ್ತಾ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ನಾನು ಬಡಿಸುತ್ತಿದ್ದೆ. ಹಿಂದೂರಾವ ಮೂರನೆಯ ಸಲ ಬಿಳಿ ರಸ್ಸಾ ಸಾರು ಹಾಕಿಸಿಕೊಂಡು, ನಳಿ ಎಲುಬು ಹೀರುತ್ತ, ತನ್ನ ತಾಟಿನ ಪಕ್ಕದಲ್ಲಿ ಬಾಲ ಅಲ್ಲಾಡಿಸುತ್ತಿದ್ದ ಶೇರ್ಯಾನನ್ನು ನೋಡಿದ.

"ನಾಳಿಂದ ಇವಗೂ ಬಂದ್," ಅಂದ.

"ಯಾರಿಗ್ರಿ ಮಾವಾರ?" ಎಂದಳು ಪ್ರಾಜಕ್ತಾ.

"ಈ ಶೇರ್ಯಾಗ. ಒಂದ ಛತ್ತಿನ ಕೆಳಗ ಇದ್ದ ಮ್ಯಾಲ ಒಂದ ರೀತಿ. ನಾವೆಲ್ಲಾ ಶ್ರಾವಣ ಹಿಡಿಯೋದು, ಇಂವಾ ಹೊಸಲಿ ಮುಂದ ಕೂತು ಮಟನ್ ತುಣುಕಾ ತಿನ್ನೋದು, ನಡಿಯಾಂಗಿಲ್ಲ."

"ಅದು ನಾಯಿರಿ."

"ನನ್ನ ಮನಿ ನಾಯಿ."

ತಮ್ಮನ ಹೆಂಡತಿ ಇಂದುಮತಿ ಬೆರಳು ನೆಕ್ಕುತ್ತ, "ಭಾಳ ಚಲೋ ಆತು. ಬಾಯಿಗೆ ರುಚಿ ಇಲ್ಲದಿದ್ದರ ತಾನ ಓಡಿ ಹೋಗ್ತದ," ಅಂದಳು.

ಅವಳಿಗೆ ಬೇಕಾಗಿದ್ದು ಅದೇ. ಶೇರ್ಯಾ ಬಿಳಿ ಕೂದಲಿನ ಸಣ್ಣ ಜಾತಿಯ ನಾಯಿ. ಹೆಸರು ಮಾತ್ರ ಹುಲಿ ಸಿಂಹದ್ದು, ಬೆಕ್ಕು ಬಂದರೆ ಮಂಚದ ಕೆಳಗೆ ಹೋಗುತ್ತಿತ್ತು. ಅದು ಪ್ರಾಜಕ್ತಾಳ ಹಿಂದೆ ಇಚಲಕರಂಜಿಯಿಂದ ಬಂದದ್ದು. ಮದುವೆಯ ಮಾತುಕತೆಗೆ ಕೂತಾಗ ಅವಳು ಬಂಗಾರ ಕೇಳಲಿಲ್ಲ, ಸೀರೆ ಕೇಳಲಿಲ್ಲ, ನಾಯಿ ಒಂದು ನನ್ನ ಜೊತೆ ಬರಬೇಕು ಅಂದಳು. ಹಿಂದೂರಾವ ಹಿರಿಯರ ಮುಂದೆ ಎದೆ ತಟ್ಟಿಕೊಂಡು ಒಪ್ಪಿದ. ಅವನ ಮಗ ಧೈರ್ಯಶೀಲ ತಲೆ ಅಲ್ಲಾಡಿಸಿದ. ಅವನು ಹುಟ್ಟಿದಂದಿನಿಂದ ಯಾರು ಏನು ಹೇಳಿದರೂ ತಲೆ ಅಲ್ಲಾಡಿಸಿಕೊಂಡೇ ಬಂದಿದ್ದಾನೆ. ಅಂದಿನಿಂದ ಇಂದುಮತಿ ನಾಯಿಯನ್ನು ಹೊರಹಾಕಲು ಒಂದು ನೆಪ ಹುಡುಕುತ್ತಿದ್ದಳು, ಪ್ರಾಜಕ್ತಾ ಆ ನೆಪ ಸಿಗದ ಹಾಗೆ ದಿನಾ ಕೂದಲು ಗುಡಿಸುತ್ತಿದ್ದಳು.

ಶ್ರಾವಣ ಬಂತು. ಶೇರ್ಯಾನ ರೊಟ್ಟಿ, ಮಟನ್ ತುಣುಕು ನಿಂತವು. ಅವನಿಗೆ ಬೆಳಿಗ್ಗೆ ಹಾಲು ಅನ್ನ, ಸಂಜೆ ತುಪ್ಪ ಸಕ್ಕರೆಯ ಶಿರಾ, ಸೋಮವಾರ ಶನಿವಾರ ಸಾಬೂದಾಣಿ ಖಿಚಡಿ. ಖಾರ ಬೇಡವೆಂದು ಪ್ರಾಜಕ್ತಾ ಮೆಣಸಿನಕಾಯಿ ಆರಿಸಿ ತೆಗೆದು ಹಾಕುತ್ತಿದ್ದಳು.

ಹಿಂದೂರಾವ ಹಾಲಿನ ಸಂಘದ ಅಧ್ಯಕ್ಷ. ಓಣಿಯ ಸಣ್ಣ ಸಂಘ, ಆದರೆ ಅವನು ನಡೆಯುವುದನ್ನು ನೋಡಿದರೆ ಜಿಲ್ಲೆಯ ಎಮ್ಮೆಗಳೆಲ್ಲ ಅವನನ್ನು ಕೇಳಿಯೇ ಹಾಲು ಇಳಿಸುತ್ತವೆ ಅನ್ನಬೇಕು. ಅಲ್ಲಿ ಹೋಗಿ, ನಮ್ಮ ಮನೆಯ ನಾಯಿ ಕೂಡ ಶ್ರಾವಣ ಸೋಮವಾರ ಹಿಡಿದಿದೆ ಎಂದು ಸಾರಿದ. ಜನ ನೋಡಲು ಬರತೊಡಗಿದರು. ಬೇರೆ ಕೆಲಸವಿಲ್ಲದವರಿಗೆ ನಮ್ಮ ಓಣಿಯಲ್ಲಿ ಯಾವತ್ತೂ ಬರವಿಲ್ಲ. ಬಂದವರಿಗೆಲ್ಲ ಪ್ರಾಜಕ್ತಾ ಚಹಾ ಮಾಡಬೇಕು.

ಹಿಂದೂರಾವ ಪಡಸಾಲೆಯಲ್ಲಿ ಕೂತು ಪೇಡೆ ಹಿಡಿದು ಕೇಳುತ್ತಿದ್ದ: "ಏ ಶೇರ್ಯಾ, ಇವತ್ತ ಯಾವ ವಾರ?"

ನಾಯಿ ಕುಂಯ್ ಅನ್ನುತ್ತಿತ್ತು.

"ಕೇಳಿದ್ರಿ? ಸೋಮವಾರ ಅಂತಾನ. ಹಿಂದಿನ ಜನ್ಮದಾಗ ಯಾವನೋ ಸಾಧು ಇರಬೇಕು."

ಬಂದವರು ಕೈಮುಗಿದು ಪೇಡೆ ತಿನ್ನಿಸಿ ಹೋಗುತ್ತಿದ್ದರು. ಸಂಘದ ಸರ್ಜೇರಾವ ಮಾತ್ರ ಒಮ್ಮೆ ಪರೀಕ್ಷೆಗೆಂದು ಜೇಬಿನಲ್ಲಿ ಒಣ ಬೊಂಬೀಲ ಮೀನು ಇಟ್ಟುಕೊಂಡು ಬಂದಿದ್ದ. ಸಾಧು ಅವನ ಜೇಬು ಹರಿಯುವ ಹಾಗೆ ಹಾರಿದ. ಹಿಂದೂರಾವ ನಾಯಿಯನ್ನು ಒಳಗೆ ನೂಕಿ, "ನಿನ್ನ ಪಾಪಾ ನೋಡಿ ಸಿಟ್ಟಿಗೆದ್ದಾನ," ಅಂದ.

ಮೂರು ದಿನ ಕಳೆಯುವ ಹೊತ್ತಿಗೆ ನಾಯಿಯ ಹೇಲು ಗಂಜಿಯ ಹಾಗೆ ಆಯಿತು. ಪ್ರಾಜಕ್ತಾ ಅಂಗಳ ತೊಳೆದು ತೊಳೆದು ಸಾಕಾದಳು. ಆಮೇಲೆ ಅದು ಹೊಸ ಚಾಳಿ ಕಲಿಯಿತು. ಹಿಂದಿನ ಕಾಲು ಮುಂದೆ ಚಾಚಿ ಕೂತು, ಮುಂಗಾಲಿನಿಂದ ಮೈ ಎಳೆದುಕೊಂಡು ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ತಿಕ ಉಜ್ಜುತ್ತ ಹೋಗುವುದು.

"ನನ್ನ ಜಮಖಾನಿ! ತವರಮನಿ ಜಮಖಾನಿ!" ಇಂದುಮತಿ ಪೊರಕೆ ಹಿಡಿದು ಬಂದಳು. "ಏ ಪ್ರಾಜಕ್ತಾ, ನಿನ್ನ ಸಿಂಹ ಕುಂಡಿ ಒರಸ್ಕೊಳ್ಳಿಕತ್ತದ ನೋಡ ಬಾ!"

ನಾಗರಪಂಚಮಿಯ ದಿನ ಮನೆಯಲ್ಲಿ ನಾತ ಎದ್ದಿತು. ಹಬ್ಬಕ್ಕೆ ಜೋಳದ ಅರಳು ಹುರಿಯುತ್ತಿದ್ದಾಗ ನನಗೇ ಮೊದಲು ಬಡಿಯಿತು. ಬಿಸಿಲಿಗೆ ಬಿಟ್ಟ ಮೀನು, ಅದರ ಜೊತೆ ತುಕ್ಕು ಹಿಡಿದ ಡಬ್ಬಿ, ಹಾಗೆ. ಬರುತ್ತಿತ್ತು, ಹೋಗುತ್ತಿತ್ತು. ಜೋಕಾಲಿಗೆ ಕರೆಯಲು ಬಂದ ಪಕ್ಕದ ಮನೆಯವಳು ಹೊಸ್ತಿಲಲ್ಲೇ ನಿಂತು ಮೂಗು ಅರಳಿಸಿ, "ವೈನಿ, ಬೊಂಬೀಲ ಮಾಡೀರೇನು?" ಅಂದಳು.

ಶ್ರಾವಣದಲ್ಲಿ, ಅದರಲ್ಲೂ ನಾಯಿಗೂ ಶ್ರಾವಣ ಹಿಡಿಸಿದ ಮನೆಯಲ್ಲಿ, ಬೊಂಬೀಲ! ಇಂದುಮತಿಯ ಮುಖದ ಬಣ್ಣ ಹೋಯಿತು. ಪಕ್ಕದವಳು ಹೋದ ಕೂಡಲೇ ಅವಳು ಅಡಿಗೆಮನೆಗೆ ನುಗ್ಗಿದಳು. ಡಬ್ಬಿಗಳ ಮುಚ್ಚಳ ಒಂದೊಂದೇ ತೆಗೆದು ಮೂಸಿದಳು. ಅಕ್ಕಿಯಲ್ಲಿ ಕೈ ಹಾಕಿ ಕೆದಕಿದಳು. ಸೊಸೆಯ ಟ್ರಂಕನ್ನೂ ಬಿಡಲಿಲ್ಲ.

"ಏನ ಹುಡುಕ್ಲಿಕತ್ತೀರಿ ಅತ್ತಿ?"

"ನಿನಗ ಗೊತ್ತಿಲ್ಲೇನು? ಇಚಲಕರಂಜಿಯವರಿಗೆ ನಾಲಗಿ ತಡಿಯಾಂಗಿಲ್ಲ ಅಂತ ಕೇಳಿದ್ದೆ. ಎಲ್ಲಿಟ್ಟೀದಿ?"

"ನಾ ಏನೂ ಇಟ್ಟಿಲ್ಲ."

"ಮತ್ತ ನಾತಾ ದೇವರ ಮನಿಯಿಂದ ಬಂತೇನು?"

ಸಂಜೆ ಹಿಂದೂರಾವ ಊಟಕ್ಕೆ ಕೂತವನು ತಾಟು ಸರಿಸಿದ. "ಜನರ ಮುಂದ ನಾ ಮುಖಾ ಹ್ಯಾಂಗ ತೋರಸ್ಲಿ? ನಾಯಿ ವ್ರತಾ ಹಿಡಿದದ, ಸೊಸಿ ಕದ್ದು ಮೀನಾ ತಿಂತಾಳ ಅಂತಾರ."

ಪ್ರಾಜಕ್ತಾ ಗಂಡನ ಕಡೆ ನೋಡಿದಳು. ಧೈರ್ಯಶೀಲ ಉಪ್ಪಿನಕಾಯಿಯನ್ನು ನೋಡುತ್ತಿದ್ದ. ಅದನ್ನು ನೋಡುತ್ತಲೇ, "ತಿಂದಿದ್ದರ ಹೇಳಿಬಿಡು. ಮುಗದಹೋಗ್ತದ," ಅಂದ.

"ಏನ ಮುಗೀತದ?"

"ಹಂಗಲ್ಲ," ಎಂದು ಅಪ್ಪನ ಕಡೆ ಕಣ್ಣು ಹಾಯಿಸಿದ. "ಆಬಾಗ ಬ್ಯಾಸರಾ ಆಗೇದ ಅಂತ."

"ಆಬಾಗ ಬ್ಯಾಸರಾ ಆದ್ರ ನಾ ಮೀನಾ ತಿಂದಾಂಗ ಆತೇನು?" ಅವಳು ರೊಟ್ಟಿಯ ಬುಟ್ಟಿಯನ್ನು ಅವನ ಮುಂದೆ ಕುಕ್ಕಿ ಒಳಗೆ ಹೋದಳು. ಅವನು ರೊಟ್ಟಿ ಮುರಿದು ತಿಂದ. ಹೊಟ್ಟೆಗೆ ಬ್ಯಾಸರವಾದದ್ದನ್ನು ನಾನು ನೋಡಲಿಲ್ಲ.

ಮುಂದಿನ ವಾರವೆಲ್ಲ ಅಡಿಗೆಮನೆಯ ಬೀಗದ ಕೈ ಇಂದುಮತಿಯ ಸೊಂಟದಲ್ಲಿ. ಎಣ್ಣೆ ಬೇಕಾದರೂ ಪ್ರಾಜಕ್ತಾ ಕೇಳಬೇಕು. ಹುಡುಗಿ ಕೆಲಸ ಬಿಡಲಿಲ್ಲ, ಮಾತು ಬಿಟ್ಟಳು.

ಒಂದು ಮಧ್ಯಾಹ್ನ ನಾನು ಬತ್ತಿ ಹೊಸೆಯುತ್ತ ಕೂತಿದ್ದೆ. ಶೇರ್ಯಾ ಬಂದು ಬಾಲದ ಬುಡವನ್ನು ನೆಕ್ಕಿಕೊಂಡು, ತಿರುಗಿ ತಿರುಗಿ ಕಚ್ಚಿಕೊಂಡು, ಕೊನೆಗೆ ನನ್ನ ತೊಡೆಯೇರಿತು. ಹೊರಗೆ ಯಾರೋ ಪಟಾಕಿ ಹೊಡೆದರು. ನಾಯಿ ಬೆಚ್ಚಿಬಿತ್ತು. ನನ್ನ ಸೀರೆಯ ಮೇಲೆ ಕಂದು ಬಣ್ಣದ ಎರಡು ಹನಿ. ನಾನು ಬೆರಳಿನಿಂದ ಮುಟ್ಟಿ ಮೂಗಿಗೆ ಹಿಡಿದೆ. ಬೊಂಬೀಲ ಸಿಕ್ಕಿತು.

ಇಂದುಮತಿಯನ್ನು ಕರೆದು ಸೆರಗು ಅವಳ ಮೂಗಿಗೇ ಹಿಡಿದೆ. "ತಗೋ. ಇದನ್ನ ಡಬ್ಬಿಯಾಗ ಹುಡುಕ್ಲಿಕತ್ತಿದ್ದಿ."

ಅವಳು ಓಕರಿಸಿದಳು. ಸೊಸೆಯ ಬಳಿ ಹೋಗಿ ತಪ್ಪಾಯಿತು ಅಂದಳೇನು? ಇಲ್ಲ. "ನಾ ಹೇಳಿರಲಿಲ್ಲಾ, ಆ ನಾಯಿನ ಹೊಲಸು ಅಂತ!" ಎಂದು ಕೂಗಿಕೊಂಡು ಪಡಸಾಲೆಗೆ ಬಂದಳು. ನೆಪ ಸಿಕ್ಕಿತ್ತು.

ಆಮೇಲೆ ಔಷಧ ಶುರುವಾಯಿತು. ತಿಕ ಉಜ್ಜಿದರೆ ಜಂತು ಎಂದು ಹಿಂದೂರಾವ ತೀರ್ಮಾನಿಸಿದ. ಬೇವಿನ ರಸ ಕುಡಿಸಿದರು, ಪಪ್ಪಾಯಿ ಬೀಜ ಅರೆದು ನೆಕ್ಕಿಸಿದರು. ಕಹಿ ಹೋಗಲೆಂದು ಮೇಲೆ ಪೇಡೆ. ಧೈರ್ಯಶೀಲ ಏನು ಮಾಡಿದ ಗೊತ್ತೇ, ತನ್ನ ಸೆಂಟಿನ ಬಾಟಲಿ ತಂದು ನಾಯಿಯ ಬಾಲದ ಕೆಳಗೆ ಹೊಡೆದ. ನಾಯಿ ಕಿರುಚಿ ಮಂಚದ ಕೆಳಗೆ ಹೋಯಿತು, ಇಡೀ ಮನೆ ಮಲ್ಲಿಗೆ ಹೂವಿನಲ್ಲಿ ಮೀನು ಬೇಯಿಸಿದ ಹಾಗೆ ನಾರಿತು.

"ಡಾಕ್ಟರ್ ಕಡೆ ಒಯ್ಯೋಣ್ರಿ ಮಾವಾರ," ಎಂದು ಪ್ರಾಜಕ್ತಾ ಬಾಯಿ ಬಿಟ್ಟಳು.

"ಯಾವ ಡಾಕ್ಟರ್? ಆ ಚೌಗುಲೆ ಬಾಯಿ? ಆಕೀ ಸಂಘದ ಎಮ್ಮಿಗೋಳ್ನ ನೋಡಾಕಿ. ಮೊದಲನೇ ಮಾತು, ಏನ ತಿನ್ನಿಸ್ತೀರಿ ಅಂತ ಕೇಳ್ತಾಳ. ಸಂಜಿ ಅನ್ನೂದ್ರಾಗ ಸಂಘದಾಗ ಎಲ್ಲಾರ ಬಾಯಾಗ ಇರ್ತದ, ಹಿಂದೂರಾವನ ಮನ್ಯಾಗ ವ್ರತಾ ಹಿಡದು ನಾಯಿ ಬ್ಯಾನಿ ಬಿತ್ತು ಅಂತ."

"ಬ್ಯಾನಿ ಬಿದ್ದದ್ದು ಖರೇ ಅದಲ್ರಿ."

"ಖರೇ ಇದ್ದದ್ದೆಲ್ಲಾ ಹೇಳ್ಕೊಂಡು ಅಡ್ಡ್ಯಾಡಬೇಕೇನು?"

ನೂಲಹುಣ್ಣಿಮೆ ದಾಟಿತು. ಶೇರ್ಯಾನ ಬಾಲದ ಬುಡದಲ್ಲಿ ಒಂದು ಮಗ್ಗುಲಿಗೆ ನಿಂಬೆಹಣ್ಣಿನಷ್ಟು ಬಾವು ಎದ್ದಿತು. ಕೂರಲು ಹೋದರೆ ಅಳುತ್ತಿತ್ತು. ಶಿರಾ ಇಟ್ಟರೆ ಮುಖ ತಿರುಗಿಸಿತು. ಪ್ರಾಜಕ್ತಾ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಶೇಕ ಕೊಡುತ್ತ ಕೂತಿರುತ್ತಿದ್ದಳು.

ನೋಡಲು ಬರುವವರಿಗೆ ನಾಯಿ ಮಲಗಿದೆ, ಧ್ಯಾನ ಮಾಡುತ್ತಿದೆ ಎಂದು ಹೇಳಿ ಹೇಳಿ ಹಿಂದೂರಾವನಿಗೆ ಸಾಕಾಯಿತು. ಆಗ ಅವನಿಗೆ ಎರಡನೆಯ ಬುದ್ಧಿ ಹೊಳೆಯಿತು. ಊಟದ ಹೊತ್ತಿನಲ್ಲಿ ಗಂಟಲು ಸರಿಮಾಡಿಕೊಂಡು ಹೇಳಿದ:

"ಶೇರ್ಯಾನ್ನ ಜೋತಿಬಾ ಗುಡ್ಡಕ್ಕ ಬಿಡ್ತೀನಿ. ದೇವರಿಗೆ. ಇಂಥಾ ಜೀವಾ ಮನ್ಯಾಗ ಇಟ್ಕೊಳ್ಳೋದು ಸರಿ ಅಲ್ಲ. ಸಂಘದಾಗೂ ಹೇಳೀನಿ, ಎಲ್ಲಾರೂ ಧನ್ಯ ಧನ್ಯ ಅಂದ್ರು."

ಮಜ್ಜಿಗೆ ಬಡಿಸುತ್ತಿದ್ದ ಪ್ರಾಜಕ್ತಾಳ ಕೈ ನಿಂತಿತು. "ಬಾವು ಬಂದ ನಾಯಿನ್ನ ಗುಡ್ಡದಾಗ ಬಿಟ್ಟರ ಎರಡ ದಿನಾ ಬದಕಾಂಗಿಲ್ರಿ ಮಾವಾರ."

"ದೇವರ ಕಡೆ ಹೋದದ್ದು ಸಾಯಾಂಗಿಲ್ಲ."

"ನೀವು ಮಾತ ಕೊಟ್ಟಿದ್ರಿ."

"ಮನಿ ಕಾಯ್ಲಿಕ್ಕೆ ಮಾತ ಕೊಟ್ಟಿದ್ರು, ಕುಂಡಿ ತೊಳೀಲಿಕ್ಕಲ್ಲ," ಎಂದು ಇಂದುಮತಿ ನಡುವೆ ಬಾಯಿ ಹಾಕಿದಳು. "ಧೈರ್ಯಾ, ನಾಳೆ ಮುಂಜಾನೆ ಜೀಪಿನಾಗ ಒಯ್ದು ಬಿಟ್ಟ ಬಾ."

ಧೈರ್ಯಶೀಲ ತಲೆ ಅಲ್ಲಾಡಿಸಿದ.

ಬೆಳಿಗ್ಗೆ ಸಂಘದ ಜೀಪು ಬಾಗಿಲಿಗೆ ಬಂತು. ಸಂಘದ್ದಾದರೂ ನಮ್ಮ ಮನೆಯ ತರಕಾರಿಗೂ ಅದೇ ಹೋಗುತ್ತದೆ. ಮುಂದಿನ ಸೀಟಿಗೆ ಬಿಳಿ ಟರ್ಕಿ ಟವೆಲ್ ಹಾಸಿರುತ್ತದೆ, ಅದು ಅಧ್ಯಕ್ಷರ ಜಾಗ, ಬೇರೆ ಯಾರೂ ಕೂರುವಂತಿಲ್ಲ. ಪ್ರಾಜಕ್ತಾ ನಾಯಿಯನ್ನು ಎತ್ತಿಕೊಂಡು ಬಂದು ಅದೇ ಸೀಟಿನಲ್ಲಿ ಕೂತಳು.

"ನೀ ಎಲ್ಲಿಗಿ?" ಎಂದ ಧೈರ್ಯಶೀಲ.

"ಇದು ಹೋದಲ್ಲಿ. ಆತ್ಯಾ, ನೀವೂ ಬರ್ರಿ."

ನಾನು ಹಿಂದೆ ಹತ್ತಿದೆ. ಇಂದುಮತಿ ಬಾಗಿಲಲ್ಲಿ ನಿಂತು, ವಡೆ ಯಾರು ಮಾಡಬೇಕು ಎಂದು ಕೂಗುತ್ತಿದ್ದಳು. ಸಂಜೆ ಸಂಘದವರು ಉಪವಾಸದ ಫರಾಳಕ್ಕೆ ಬರುವವರಿದ್ದರು.

ದಾರಿಯಲ್ಲಿ ಪ್ರಾಜಕ್ತಾ ಗಂಡನಿಗೆ ಹೇಳಿದಳು, "ಮುಂದ ಬಲಕ್ಕ ಹೊಳ್ಳಸ್ರಿ. ದವಾಖಾನಿ ಆಕಡೆ ಅದ."

"ಆಬಾ ಬೈತಾರ."

"ನಿಮಗ ಮೂವತ್ತ ವರ್ಷ ಆದ್ವು."

"ಅದಕ್ಕೂ ಇದಕ್ಕೂ ಏನ ಸಂಬಂಧ?"

ಅವನು ನೇರವಾಗಿಯೇ ಹೊರಟಿದ್ದ. ಕ್ರಾಸಿನ ಬಳಿ ರಸ್ತೆಯಲ್ಲಿ ಒಂದು ಕುಣಿ. ಜೀಪು ಧಡಕ್ಕನೆ ಎಗರಿತು. ನಾಯಿ ಒಮ್ಮೆ ಚೀರಿತು, ಬಾವು ಒಡೆಯಿತು. ರಕ್ತ, ಕೀವು, ಆ ನಾತ, ಎಲ್ಲವೂ ಅಧ್ಯಕ್ಷರ ಬಿಳಿ ಟವೆಲ್ಲಿನ ಮೇಲೆ, ಸ್ವಲ್ಪ ಧೈರ್ಯಶೀಲನ ಇಸ್ತ್ರಿ ಪ್ಯಾಂಟಿನ ಮೇಲೆ. ಅವನು ಕಿಟಕಿಯ ಹೊರಗೆ ತಲೆ ಹಾಕಿ ವಾಂತಿ ಮಾಡಿದ. ಆಮೇಲೆ ಬಲಕ್ಕೆ ಹೊರಳಿಸಿದ. ಹೆಂಡತಿಯ ಮಾತಿಗೆ ತಿರುಗದ ಚಕ್ರ ನಾತಕ್ಕೆ ತಿರುಗಿತು.

ಚೌಗುಲೆ ಬಾಯಿ ಕೈಗೆ ರಬ್ಬರಿನ ಚೀಲ ಹಾಕಿಕೊಂಡು, ನಾಯಿಯ ಬಾಲ ಎತ್ತಿ ನೋಡಿ, ನಮ್ಮ ಮೂವರ ಮುಖವನ್ನೂ ನೋಡಿದಳು.

"ಇಷ್ಟ ದಿನಾ ಏನ ಮಾಡ್ಲಿಕತ್ತಿದ್ರಿ?"

"ಜಂತು ಅಂದ್ಕೊಂಡಿದ್ವಿ," ಎಂದ ಧೈರ್ಯಶೀಲ ಮೂಗು ಮುಚ್ಚಿಕೊಂಡು.

"ಜಂತು ನಿಮ್ಮ ತಲಿಯಾಗ. ಗುದದ ಎಡಕ್ಕೊಂದು ಬಲಕ್ಕೊಂದು ಸಣ್ಣ ಚೀಲ ಇರ್ತಾವ, ಎಲ್ಲಾ ನಾಯಿಗೂ. ಹೇಲು ಗಟ್ಟಿ ಇದ್ದರ ಹೋಗೂ ಮುಂದ ಒತ್ತಿ ಅದರೊಳಗಿನ ರಸಾ ತಾನ ಖಾಲಿ ಆಗ್ತದ. ಗಟ್ಟಿ ಇಲ್ಲಾಂದ್ರ ತುಂಬ್ತದ, ಕಟ್ಟತದ, ಕೀವ ಆಗ್ತದ. ಏನ ತಿನ್ನಸ್ತೀರಿ?"

ಧೈರ್ಯಶೀಲ ಗೋಡೆಯ ಮೇಲಿನ ಎಮ್ಮೆಯ ಚಿತ್ರ ನೋಡತೊಡಗಿದ. ಪ್ರಾಜಕ್ತಾ ಹೇಳಿದಳು. ಶಿರಾ, ಹಾಲು, ಖಿಚಡಿ, ಪೇಡೆ.

"ನಾಯಿಗೆ? ಯಾಕ, ಅದರ ಬಾಣಂತನ ಇತ್ತೇನು?"

"ಶ್ರಾವಣ ಇತ್ರಿ," ಅಂದೆ ನಾನು.

ಆಕೆ ಮತ್ತೇನೂ ಕೇಳಲಿಲ್ಲ. ಹಿಂಬದಿಯ ಕೂದಲು ಪೂರ್ತಿ ಬೋಳಿಸಿದಳು, ಗಾಯ ತೊಳೆದಳು, ಇನ್ನೊಂದು ಮಗ್ಗುಲಿನ ಚೀಲವನ್ನೂ ಒತ್ತಿ ಬರಿದು ಮಾಡಿದಳು. ಇಂಜೆಕ್ಷನ್ ಕೊಟ್ಟು, ಸಂಜೆಯವರೆಗೆ ಅಲ್ಲೇ ಮಲಗಿಸಿ, ನೆಕ್ಕಿಕೊಳ್ಳಬಾರದೆಂದು ಕೊರಳಿಗೆ ಲಾಳಿಕೆಯ ಹಾಗಿನ ಪ್ಲಾಸ್ಟಿಕ್ ಪಟ್ಟಿ ಕಟ್ಟಿದಳು. "ಮಟನ್ ಕೊಡೂದಿಲ್ಲ ಅಂದ್ರ ಬಿಡ್ರಿ. ಬೇಯಿಸಿದ ಎಲಬು ಅಂತೂ ಯಾವತ್ತೂ ಬ್ಯಾಡ. ರೊಟ್ಟಿ, ಬ್ಯಾಳಿ, ಕುದಿಸಿದ ಕುಂಬಳಕಾಯಿ, ಗಜ್ಜರಿ ಹಾಕ್ರಿ, ಮ್ಯಾಲ ಒಂದು ತತ್ತಿ. ಹಾಲು, ತುಪ್ಪಾ, ಸಕ್ಕರಿ ಬಂದ್. ಮತ್ತ ತುಂಬಿದಾಂಗ ಕಂಡರ ಒಬ್ಬರು ಬಾಲ ಹಿಡೀಬೇಕು, ಒಬ್ಬರು ಹಿಂಗ ಒತ್ತಬೇಕು. ಸುಮ್ಮಸುಮ್ಮನ ಒತ್ತಬ್ಯಾಡ್ರಿ." ಪ್ರಾಜಕ್ತಾಳ ಕೈ ಹಿಡಿದು ಎಲ್ಲಿ, ಹೇಗೆ ಎಂದು ತೋರಿಸಿಕೊಟ್ಟಳು.

ನಾವು ಮನೆಗೆ ಮರಳಿದಾಗ ಸಂಜೆ. ಪಡಸಾಲೆಯಲ್ಲಿ ಸಂಘದವರು ಸಾಲಾಗಿ ಕೂತು ಸಾಬೂದಾಣಿ ವಡೆ ತಿನ್ನುತ್ತಿದ್ದರು. ನಡುವೆ ಹಿಂದೂರಾವ, ನಾಯಿಯನ್ನು ಬಿಟ್ಟುಕೊಡುವಾಗ ತನ್ನ ಎದೆ ಹೇಗೆ ಭಾರವಾಯಿತು ಎಂದು ವರ್ಣಿಸುತ್ತಿದ್ದ. ಅಷ್ಟರಲ್ಲಿ ಶೇರ್ಯಾ ಪ್ರಾಜಕ್ತಾಳ ತೋಳಿನಲ್ಲಿ ಒಳಗೆ ಬಂತು, ಕೊರಳಲ್ಲಿ ಲಾಳಿಕೆ, ಹಿಂಬದಿ ಬೋಳು.

ಸರ್ಜೇರಾವ ವಡೆ ಕೆಳಗಿಟ್ಟ. "ಆಬಾಸಾಹೇಬ, ಇದೇನು ಹೊಳ್ಳಿ ಬಂತು? ದೇವರು ಒಲ್ಲೆ ಅಂದನೇನು?"

ಹಿಂದೂರಾವ ನಾಯಿಯ ಬೋಳು ಹಿಂಬದಿಯನ್ನು ನೋಡಿದ. ಬಾಯಿಯಿಂದ ಬಂದ ಮಾತು ಇದು:

"ಅಂದಿಲ್ಲ. ಇಂವಾ ಹರಕಿ ಮುಗಿಸಿ ಬಂದಾನ. ನೋಡ್ರಲ್ಲ, ಕೂದಲಾ ಕೊಟ್ಟು ಬಂದಾನ."

ಒಂದಿಬ್ಬರು ಕೈ ಮುಗಿಯಲು ಹೊರಟರು.

"ಹೌದ್ರಿ ಕಾಕಾ," ಅಂದಳು ಪ್ರಾಜಕ್ತಾ ಸರ್ಜೇರಾವನಿಗೆ. "ಎಲ್ಲಿ ಕೊಟ್ಟಾನ ಅಂತ ನೀವ ನೋಡ್ರಿ."

ನಾಯಿಯನ್ನು ತಿರುಗಿಸಿ ಬಾಲ ಎತ್ತಿದಳು. ಕೆಂಪಗೆ ಬಾಯಿಬಿಟ್ಟ ಗಾಯ, ಸುತ್ತ ಹಳದಿ ಔಷಧ, ಸಾಲಾಗಿ ಕೂತವರ ಮೂಗಿನ ಮಟ್ಟಕ್ಕೆ. ವಡೆ ಹಿಡಿದ ಕೈಗಳು ಹಾಗೇ ನಿಂತವು.

"ದಿನಾ ಬಂದು ಪೇಡೆ ತಿನ್ನಿಸಿದ್ರಲ್ಲ, ಅದರ ಫಲ ಇದು. ಪಂಚಮಿ ದಿನಾ ಈ ಮನ್ಯಾಗ ನಾರಿದ್ದು ಮೀನಲ್ರಿ, ಇದ. ನಾ ಬೊಂಬೀಲ ತಿಂದಿಲ್ಲ. ತಿಂದೆ ಅಂತ ಓಣಿ ತುಂಬ ಸುದ್ದಿ ಆಗೇದ, ಈಗ ಇದನ್ನೂ ಓಣಿ ತುಂಬ ಹೇಳ್ರಿ." ಆಮೇಲೆ ಮಾವನ ಕಡೆ ತಿರುಗಿದಳು. "ಮಾವಾರ, ಇವರ ಮುಂದನ ಕೇಳ್ತೀನಿ. ಇದು ಮನ್ಯಾಗ ಇರ್ತದೋ, ಗುಡ್ಡಕ್ಕ ಹೋಗ್ತದೋ? ಗುಡ್ಡಕ್ಕಂದ್ರ ನನ್ನೂ ಬಿಟ್ಟ ಬರ್ರಿ. ಸೊಸಿನೂ ದೇವರಿಗೆ ಕೊಟ್ಟೆ ಅಂತ ಸಂಘದಾಗ ಹೇಳಾಕ ಬರ್ತದ."

ಸರ್ಜೇರಾವನ ಹೊಟ್ಟೆ ಮೊದಲು ಕುಣಿಯಿತು, ಆಮೇಲೆ ನಗೆ ಹೊರಬಿತ್ತು. ಉಳಿದವರು ಧೋತರದ ಚುಂಗು ಬಾಯಿಗೆ ಹಿಡಿದರು. ಇಂದುಮತಿ ಅಡಿಗೆಮನೆಯ ಬಾಗಿಲಿನಿಂದ ಒಳಗೆ ಸರಿದಳು. ಧೈರ್ಯಶೀಲ ಜೀಪು ತೊಳೆಯುವ ನೆಪದಲ್ಲಿ ಒಳಗೇ ಬಂದಿರಲಿಲ್ಲ.

"ಇರ್ಲಿ," ಅಂದ ಹಿಂದೂರಾವ.

"ಇರ್ಲಿ ಅಂದ್ರ?"

"ಇರ್ತದ ಅಂದೆ. ಈ ಮನ್ಯಾಗ ಇರ್ತದ. ಮೊದಲ ಬಾಲಾ ಇಳಸು."

ಗಾಯ ಮಾಯಿತು. ಕೂದಲು ಬಂತು. ಇಂದುಮತಿ ಬೀಗದ ಕೈಯನ್ನು ಒಂದು ದಿನ ಗೂಟಕ್ಕೆ ತೂಗುಹಾಕಿದಳು, ಮಾತೇನೂ ಆಡಲಿಲ್ಲ. ನಾಯಿಯ ಕುಂಬಳಕಾಯಿಯನ್ನು ಅವಳೇ ಕುದಿಸುತ್ತಾಳೆ, ಬೈಯುತ್ತ. ಸಂಘದಲ್ಲಿ ಈಗ ಯಾರೂ ಹಿಂದೂರಾವನನ್ನು ವಾರ ಯಾವುದು ಎಂದು ಕೇಳುವುದಿಲ್ಲ, ಕೇಳಿದರೆ ಎಲ್ಲರೂ ನಗುತ್ತಾರೆ.

ದಸರೆಯ ಮುಂದೆ ಶೇರ್ಯಾ ಮತ್ತೆ ಒಂದೆರಡು ಸಲ ನೆಲಕ್ಕೆ ಉಜ್ಜಿತು. ಪ್ರಾಜಕ್ತಾ ಮುಟ್ಟಿ ನೋಡಿ, ತುಂಬಿದೆ ಅಂದಳು. ಬಾಲ ಹಿಡಿಯಲು ಧೈರ್ಯಶೀಲನನ್ನು ಕರೆದರೆ ಅವನು ಹೊಸ್ತಿಲಲ್ಲೇ ಓಕರಿಸಿ ಹೊರಗೆ ಹೋದ. ನನ್ನ ಕೈ ನಡುಗುತ್ತದೆ. ಇಂದುಮತಿ ಹಿಡಿದರೆ ನಾಯಿ ಗುರ್ರ್ ಅನ್ನುತ್ತದೆ. ಅದು ತೆಪ್ಪಗೆ ನಿಲ್ಲುವುದು ಪೇಡೆ ತಿನ್ನಿಸಿದ ಕೈಗೆ ಮಾತ್ರ.

ಹಾಗಾಗಿ ಹಾಲಿನ ಸಂಘದ ಅಧ್ಯಕ್ಷರು ಮೂಗಿಗೆ ಟವೆಲ್ ಕಟ್ಟಿಕೊಂಡು, ಪಡಸಾಲೆಯಲ್ಲಿ ಮೊಣಕಾಲೂರಿ, ನಾಯಿಯ ಬಾಲ ಹಿಡಿದು ಕೂತರು.

"ಇನ್ನೂ ಸ್ವಲ್ಪ ಮ್ಯಾಲ ಹಿಡೀರಿ ಮಾವಾರ," ಅಂದಳು ಪ್ರಾಜಕ್ತಾ.

ಅವನು ಮೇಲೆ ಹಿಡಿದ. ಟವೆಲ್ಲಿನ ಒಳಗಿನಿಂದ ನನ್ನನ್ನು ಕರೆದ. "ಅಕ್ಕಾ, ಬಾಗಲಾ ಹಾಕು. ಓಣ್ಯಾಗ ಯಾರರ ನೋಡ್ಯಾರು."

"ತಗದ ಇರ್ಲಿ ಆತ್ಯಾ," ಅಂದಳು ಹುಡುಗಿ, ತಲೆ ಎತ್ತದೆ. "ನಾತಾ ಹೋಗ್ಲಿ."

ನಾನು ಬಾಗಿಲನ್ನು ಇನ್ನೂ ಅಗಲ ತೆಗೆದೆ.